ಸೆಲ್ಲಾರಿನಲ್ಲಿ ತೇಲಿದ ಮಚ್ವೆ

ಮೊನ್ನೆ ಭಾನುವಾರ ಬೆಳಿಗ್ಗೆ ಎರಡನೇ ಕಾಫಿ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಕ್ಯಾಲ್ಗರಿಯಿಂದ ತಂಗಿಯ ಮಗನ ಫೋನು. ಅವನಿಗೆ ಅಲ್ಲಿ ಶನಿವಾರ ರಾತ್ರಿ. ಹುಡುಗ ಅಪರೂಪಕ್ಕೆ ಫೋನ್ ಮಾಡುವವನು, ಮಾಡಿದರೆ ಏನೋ ಕೆಲಸ ಇದೆ ಅಂತಲೇ ಅರ್ಥ. ಕುಶಲ ವಿಚಾರಿಸಿದ ಶಾಸ್ತ್ರ ಮುಗಿದ ಮೇಲೆ ಕೇಳಿದ:

"ಮಾವ, ಅಜ್ಜನ ಮಚ್ವೆ ನಂಗೆ ಕೊಡ್ತೀರಾ? ಈಗ ನಾವು ಸ್ವಂತ ಮನೆಗೆ ಬಂದಿದ್ದೇವೆ, ದೊಡ್ಡ ಗ್ಯಾರೇಜ್ ಇದೆ. ಚಳಿಗಾಲದಲ್ಲಿ ಅಲ್ಲಿಟ್ಟರೆ ಮರಕ್ಕೆ ಏನಾದ್ರೂ ಆಗತ್ತಾ?"

ಅವನಿಗೆ ಇದು ನೆನಪಾಗಲು ಕಾರಣ ಐಎನ್‌ಎಸ್‌ವಿ ಕೌಂಡಿಣ್ಯದ ಸುದ್ದಿ. ನೀವೂ ಓದಿರಬಹುದು. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಾಯಿ ಹಡಗು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದನ್ನು ನೌಕಾಪಡೆಗೆ ಸೇರಿಸಿಕೊಂಡರು. ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಅದರ ವಿಡಿಯೋ ನೋಡಿದ ಹುಡುಗನಿಗೆ, ಸಣ್ಣವನಿದ್ದಾಗ ಅಜ್ಜನ ಜಗಲಿಯಲ್ಲಿ ನೋಡಿದ ದೋಣಿಗಳೆಲ್ಲ ಒಂದೇ ಸಲ ನೆನಪಾಗಿವೆ.

"ಯೋಚನೆ ಮಾಡಿ ಹೇಳ್ತೇನೆ ಮಾರಾಯಾ" ಅಂತ ಫೋನಿಟ್ಟೆ. ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ಆ ಮಚ್ವೆ ಈಗ ಮಚ್ವೆಯಾಗಿ ಉಳಿದಿಲ್ಲ. ಈ ವಿಷಯ ಐದು ವರ್ಷದಿಂದ ನನಗೂ ನನ್ನ ಹೆಂಡತಿಗೂ ನಮ್ಮ ವಾಚ್‌ಮನ್‌ಗೂ ಮಾತ್ರ ಗೊತ್ತು. ತಂಗಿಗೆ ಹೇಳಿಲ್ಲ.

ಸರಿ, ಮೊದಲಿಂದ ಹೇಳುತ್ತೇನೆ.

ನಮ್ಮದು ಕುಂದಾಪುರದ ಆಚೆ, ಗಂಗೊಳ್ಳಿ ಕಡೆ. ಪಂಚಗಂಗಾವಳಿ ಹೊಳೆ ಕಡಲು ಸೇರುವ ಜಾಗ. ಅಪ್ಪಯ್ಯ ದೋಣಿ ಕಟ್ಟುವ ಬಡಗಿ. ರಂಪಣಿ ಬಲೆಯ ಕಾಲದಲ್ಲಿ ದೋಣಿ ಕೆಲಸಕ್ಕೆ ಬಿಡುವು ಅಂತಲೇ ಇರಲಿಲ್ಲವಂತೆ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ರಂಪಣಿ ಮೂಲೆಗೆ ಸೇರಿತು, ಆಮೇಲೆ ಫೈಬರ್ ದೋಣಿಗಳು ಬಂದವು. ಅಪ್ಪಯ್ಯನ ಕೈಗೆ ದೊಡ್ಡ ದೋಣಿಯ ಕೆಲಸ ಕಡಿಮೆಯಾಯಿತು. ಕೈ ಸುಮ್ಮನಿರಬೇಕಲ್ಲ? ಉಳಿದ ಹಲಸು, ಹೆಬ್ಬಲಸಿನ ತುಂಡುಗಳಲ್ಲಿ ಸಣ್ಣ ದೋಣಿ ಮಾಡತೊಡಗಿದರು. ಆಟಿಗೆಯಲ್ಲ, ಲೆಕ್ಕದ ದೋಣಿ. ಒಂದು ಅಡಿಗೆ ಒಂದು ಇಂಚು. ಮೂವತ್ತು ಅಡಿಯ ಮಚ್ವೆಯಾದರೆ ಮೂವತ್ತು ಇಂಚು.

ಹೀಗೆ ನನ್ನ ಪಾಲಿಗೆ ಬಂದವು ಮೂರು. ಒಂದೇ ಮರ ಕೊರೆದು ಮಾಡಿದ ಪಾತಿ ದೋಣಿ. ಹಲಗೆಗಳನ್ನು ಹುರಿಯಿಂದ ಹೊಲಿದ ರಂಪಣಿ ದೋಣಿ. ಮತ್ತೆ ಹಾಯಿ ಇರುವ ಈ ಮಚ್ವೆ. ಮಚ್ವೆಯ ಹಾಯಿ ಹೊಲಿದದ್ದು ನನ್ನ ತಂಗಿ. ಅಮ್ಮನ ಹಳೇ ಬಿಳಿ ಸೀರೆಯ ತುಂಡು, ಕೈ ಹೊಲಿಗೆ.

ಈಗ ನಮ್ಮ ಕಡೆ ದೋಣಿ ಜೋಪಾನ ಮಾಡುವ ಕ್ರಮ ಹೇಳಬೇಕು. ಕೆನಡಾದಲ್ಲಿ ದೋಣಿಗೆ ರಜೆ ಚಳಿಗಾಲದಲ್ಲಿ, ಕೆರೆಯೇ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ದೋಣಿಗೆ ರಜೆ ಮಳೆಗಾಲದಲ್ಲಿ. ಈಗ ಸರಕಾರದ ಲೆಕ್ಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ನಾಡದೋಣಿಯವರು ಮಾತ್ರ ಕಡಲು ನೋಡಿಕೊಂಡು ಇಳಿಯುತ್ತಾರೆ. ಸರಕಾರ ಹೇಳುವುದಕ್ಕೆ ಎಷ್ಟೋ ಮೊದಲಿಂದ ನಮ್ಮವರು ಮಳೆ ಹಿಡಿಯುವ ಮೊದಲು ದೋಣಿ ಮೇಲೆಳೆಯುತ್ತಿದ್ದರು. ಇಡೀ ಕೇರಿ ಸೇರಿ, ಕೂಗು ಹಾಕಿ, ದಿಮ್ಮಿ ಉರುಳಿಸುತ್ತಾ ಎಳೆಯುವುದು. ಮೈ ತೊಳೆದು ಒಣಗಿಸಿ, ಮೀನೆಣ್ಣೆಯೋ ಗೇರುಸಿಪ್ಪೆಯ ಎಣ್ಣೆಯೋ ಹಚ್ಚಿ, ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿ, ಮೇಲೆ ಮಡಲಿನ ಚಪ್ಪರ ಹಾಕುವುದು. ಹೊಲಿದ ದೋಣಿಯಾದರೆ ಹುರಿ ನೋಡಬೇಕು. ಸವೆದಿದ್ದರೆ ಬಿಚ್ಚಿ ಹೊಸದಾಗಿ ಹೊಲಿಯಬೇಕು.

ಅಪ್ಪಯ್ಯನ ಕಟ್ಟಳೆ ಮೂರೇ. ದೋಣಿ ನೆಲ ಮುಟ್ಟಬಾರದು. ಸುತ್ತ ಗಾಳಿ ಆಡಬೇಕು. ನೇರ ಬಿಸಿಲು ಬೀಳಬಾರದು. ದೊಡ್ಡದಕ್ಕೂ ಇದೇ, ಸಣ್ಣದಕ್ಕೂ ಇದೇ.

ನಾನು ಬ್ಯಾಂಕ್ ನೌಕರಿ ಹಿಡಿದು ಹೈದರಾಬಾದಿಗೆ ಬಂದದ್ದು 1986ರಲ್ಲಿ. ಮೊದಲು ಕಾಚಿಗುಡದಲ್ಲಿ ಬಾಡಿಗೆ ಕೋಣೆ, ಕನ್ನಡದವರು ಜಾಸ್ತಿ ಇರುವ ಕಡೆ ಅಂತ. ಆಮೇಲೆ ರಾಮಂತಾಪುರದಲ್ಲಿ ಫ್ಲಾಟು. 1993ರಲ್ಲಿ ಅಪ್ಪಯ್ಯ ಮೊದಲ ಸಲ ಬಂದಾಗ ಹುಸೇನ್ ಸಾಗರ ತೋರಿಸಲು ಕರೆದುಕೊಂಡು ಹೋಗಿದ್ದೆ. ಬುದ್ಧನ ವಿಗ್ರಹ ಕೆರೆ ನಡುವೆ ನಿಂತು ಹೆಚ್ಚು ದಿನ ಆಗಿರಲಿಲ್ಲ. 1990ರ ಮಾರ್ಚ್ 10ರಂದು ಅದನ್ನು ಬಾರ್ಜಿನ ಮೇಲೆ ಸಾಗಿಸುವಾಗ ಬಾರ್ಜು ವಾಲಿ ವಿಗ್ರಹ ಕೆರೆಗೆ ಬಿದ್ದದ್ದು, ಜನ ಸತ್ತದ್ದು, 1992ರ ಡಿಸೆಂಬರಿನಲ್ಲಿ ಎತ್ತಿ ನಿಲ್ಲಿಸಿದ್ದು ಎಲ್ಲ ಹೇಳಿದೆ. ಅಪ್ಪಯ್ಯ ಬಹಳ ಹೊತ್ತು ಬುದ್ಧನನ್ನು ನೋಡಲಿಲ್ಲ, ನೀರನ್ನೇ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: "ಕಲ್ಲ್, ಹಂಗಾಯಿ ಉಳೀತ್. ಮರ ಆರೆ ಕತೆಯೇ ಬೇರೆ."

ಈ ಊರಿನ ಇನ್ನೊಂದು ತಮಾಷೆ ನೋಡಿ. ನಮ್ಮಲ್ಲಿ ಮಳೆ ಬಂದರೆ ದೋಣಿ ದಡಕ್ಕೆ. ಇಲ್ಲಿ ಮಳೆಗಾಲದ ಗಾಳಿ ಬೀಸಿದರೆ ದೋಣಿ ನೀರಿಗೆ! ಜುಲೈಯಲ್ಲಿ ಹುಸೇನ್ ಸಾಗರದಲ್ಲಿ ಹಾಯಿದೋಣಿ ಪಂದ್ಯ ನಡೆಯುತ್ತದೆ, ಪುಟ್ಟ ಪುಟ್ಟ ಮಕ್ಕಳು ಹಾಯಿ ಹಿಡಿದು ಹೋಗುತ್ತಾರೆ. ಅದನ್ನು ಅಪ್ಪಯ್ಯ ನೋಡಲಿಲ್ಲ ಅನ್ನುವುದೊಂದು ಕೊರಗು.

1998ರಲ್ಲಿ ಊರಿಗೆ ಹೋದಾಗ ಅಪ್ಪಯ್ಯ ಮಚ್ವೆ ಶುರು ಮಾಡಿದ್ದರು. ನಾನು ಹೈದರಾಬಾದಿನಿಂದ ಬಡಗಿಗಳು ಬಳಸುವ ಬಿಳಿ ಅಂಟಿನ ಒಂದು ಕಿಲೋ ಡಬ್ಬಿ ಕೊಂಡೊಯ್ದಿದ್ದೆ. ಹಲಗೆಗೆ ಬಿದಿರಿನ ಮೊಳೆ ಹೊಡೆಯುವ ಕಷ್ಟ ಯಾಕೆ, ಅಂಟಿಸಿಬಿಡಿ ಅಂತ. ಅಪ್ಪಯ್ಯ ಮುಚ್ಚಳ ತೆಗೆದು ಮೂಸಿ ನೋಡಿದರು.

"ಇದ್ ನೀರಿಗ್ ತಡಿತ್ತಾ?"

"ತಡೀತದೆ ಅಪ್ಪಯ್ಯ" ಅಂದೆ. ಬ್ಯಾಂಕಿನವನ ಧೈರ್ಯ. ನನಗೇನು ಗೊತ್ತಿತ್ತು? ಆ ಬಿಳಿ ಅಂಟು ಒಣ ಜಾಗದಲ್ಲಿ ಕಬ್ಬಿಣದ ಹಾಗೆ ಹಿಡಿಯುತ್ತದೆ. ನೀರಲ್ಲಿ ನೆನೆದರೆ ಮತ್ತೆ ಮೆತ್ತಗಾಗುತ್ತದೆ. ನೀರಿಗೆ ತಡೆಯುವ ಬೇರೆ ಜಾತಿಯ ಅಂಟುಗಳಿವೆ, ನಾನು ಒಯ್ದದ್ದು ಅದಲ್ಲ.

1999ರ ಜನವರಿಯಲ್ಲಿ ಮೂರು ದೋಣಿಗಳೂ ಹೈದರಾಬಾದಿಗೆ ಬಂದವು. ಮೇ ತಿಂಗಳಲ್ಲಿ ಪಾತಿ ದೋಣಿಯ ತಳದಲ್ಲಿ ಉದ್ದಕ್ಕೆ ಕೂದಲೆಳೆಯ ಬಿರುಕು ಕಾಣಿಸಿತು. ಎದೆ ಧಸಕ್ಕೆಂದು ಅಪ್ಪಯ್ಯನಿಗೆ ಎಸ್‌ಟಿಡಿ ಮಾಡಿದೆ. ಅವರು ನಕ್ಕರು. "ಹತ್ರ ಒಂದ್ ಪಾತ್ರೆಯಗೆ ನೀರ್ ಇಡ್. ದೋಣಿಗ್ ನೀರ್ ಕಾಣ್ದೆ ಬೇಜಾರ್ ಆಯ್ತ್."

ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟೆ. ಆಗಸ್ಟ್ ಹೊತ್ತಿಗೆ ಬಿರುಕು ಮುಚ್ಚಿಕೊಂಡಿತ್ತು! ಮಂತ್ರವಲ್ಲ. ಮರ ಗಾಳಿಯ ತೇವವನ್ನು ಕುಡಿಯುತ್ತದೆ, ಬಿಡುತ್ತದೆ. ಕುಡಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಆಟ ಹೆಚ್ಚು ಕಡಿಮೆ ಇಲ್ಲ, ಅಡ್ಡಕ್ಕೇ ಎಲ್ಲ. ಅದಕ್ಕೇ ಬಿರುಕು ಯಾವಾಗಲೂ ಉದ್ದುದ್ದ ಬೀಳುವುದು. ಕಡಲ ತೇವದಲ್ಲಿ ಹುಟ್ಟಿದ ಮರ, ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿರುವ ಈ ದಖ್ಖನ್ನಿನ ಒಣ ಬೇಸಿಗೆಗೆ ಬಂದರೆ ಮೊದಲ ವರ್ಷ ನರಳಿಯೇ ನರಳುತ್ತದೆ. ನಾವೂ ನರಳಿಲ್ಲವೇ? ಮೊದಲ ಮೇ ತಿಂಗಳಲ್ಲಿ ನನ್ನ ತುಟಿಯೂ ಒಡೆದಿತ್ತು.

ಆಮೇಲೆ ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಹಾಲಿನ ಒಳಗೋಡೆಯ ಮೇಲೆ ಹಲಗೆ ಹೊಡೆಸಿ ಇಟ್ಟಿದ್ದೆ. ವರ್ಷಕ್ಕೊಂದು ಸಲ ಸಂಕ್ರಾಂತಿ ಹೊತ್ತಿಗೆ ಇಳಿಸಿ, ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದು, ಪಾತಿಗೆ ಹತ್ತಿಯಲ್ಲಿ ತೆಳ್ಳಗೆ ಎಣ್ಣೆ ಒರೆಸಿ ಮತ್ತೆ ಏರಿಸುವುದು. ಹುಳ ಕೊರೆದರೆ ಕೆಳಗೆ ಹಿಟ್ಟಿನ ಹಾಗೆ ಪುಡಿ ಬೀಳುತ್ತದೆ, ಅದನ್ನು ನೋಡಿಕೊಳ್ಳುವುದು. ನುಸಿಗುಳಿಗೆ ಹಾಕುತ್ತಿರಲಿಲ್ಲ, ಅದು ಪೇಂಟಿಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. 2011ರಲ್ಲಿ ಅಪ್ಪಯ್ಯ ಹೋದರು. ಆ ವರ್ಷ ಎಣ್ಣೆ ಒರೆಸುವಾಗ ಪಾತಿಯ ತಳದಲ್ಲಿ ಅವರ ಉಳಿಯ ಗುರುತು ಕೈಗೆ ಸಿಕ್ಕಿತು. ಅದು ಅಲ್ಲೇ ಇತ್ತು, ನಾನೇ ಅಷ್ಟು ವರ್ಷ ಗಮನಿಸಿರಲಿಲ್ಲ.

ಬಂತು ನೋಡಿ 2020. ಲಾಕ್‌ಡೌನು. ಮಗಳ ಆಫೀಸು ಹಾಲಿಗೆ ಬಂತು, ಮಗನ ಕಾಲೇಜು ಬೆಡ್‌ರೂಮಿಗೆ ಬಂತು. ಮಗಳ ಮೇಜು ಹಾಕಲು ಇದ್ದದ್ದು ದೋಣಿಯ ಗೋಡೆ ಒಂದೇ. ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ (ಇಲ್ಲಿ ನೆಲದಡಿಯ ಪಾರ್ಕಿಂಗಿಗೆ ಸೆಲ್ಲಾರ್ ಅಂತಲೇ ಎಲ್ಲರೂ ಹೇಳುವುದು) ಕಾರಿನ ಹಿಂದೆ ನನ್ನದೊಂದು ಕಬ್ಬಿಣದ ಬೀರು ಇತ್ತು. ತಂಪು ಜಾಗ, ಬಿಸಿಲಿಲ್ಲ, ಬೇಸಿಗೆಗೆ ಇದೇ ವಾಸಿ ಅಂತ ನನ್ನ ತರ್ಕ. ಮೂರನ್ನೂ ಪಾಲಿಥೀನಿನಲ್ಲಿ ಬಿಗಿಯಾಗಿ ಸುತ್ತಿ, ಟೇಪು ಹಚ್ಚಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಕೆಳಗಿನ ಅರೆಯಲ್ಲಿಟ್ಟೆ. ಮೇಲಿನ ಅರೆಯಲ್ಲಿ ಹಳೇ ಪೇಂಟ್ ಡಬ್ಬಿಗಳಿದ್ದವು.

ಗಮನಿಸಿದಿರಾ? ನೆಲಕ್ಕೆ ಹತ್ತಿರ, ಗಾಳಿ ಇಲ್ಲ. ಮೂರು ಕಟ್ಟಳೆಯಲ್ಲಿ ಎರಡು ಅಂದೇ ಮುರಿದೆ. "ಮರಕ್ಕೂ ಉಸ್ರ್ ಇತ್ ಮಗಾ, ಕಟ್ಟಿ ಹಾಕ್ಬೇಡ" ಅಂತ ಹೇಳಿದವರ ದೋಣಿಗೇ ಪ್ಲಾಸ್ಟಿಕ್ ಸುತ್ತಿದೆ.

ಅಕ್ಟೋಬರ್ 13, ಮಂಗಳವಾರ. ಹೈದರಾಬಾದಿನವರಿಗೆ ಆ ದಿನ ಹೇಳಿಕೊಡಬೇಕಿಲ್ಲ. ಬೇಗಂಪೇಟೆಯಲ್ಲಿ ಒಂದೇ ದಿನಕ್ಕೆ ಸುಮಾರು 19 ಸೆಂಟಿಮೀಟರ್ ಮಳೆ. ಟೋಲಿಚೌಕಿಯ ನದೀಮ್ ಕಾಲನಿಯಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಿದರು. ಕೆರೆಗಳ ಊರಲ್ಲಿ ಕೆರೆಯ ಜಾಗ ಮನೆಗಳಾಗಿವೆ, ನೀರಿಗೆ ಹಳೇ ದಾರಿ ನೆನಪಿರುತ್ತದೆ. ನಮ್ಮ ಸೆಲ್ಲಾರಿಗೆ ರಾತ್ರಿ ಹತ್ತರ ಸುಮಾರಿಗೆ ನಾಲಾದ ನೀರು ನುಗ್ಗಿತು. ಕರೆಂಟಿಲ್ಲ. ಕಾರು ಹೋಯಿತಲ್ಲಾ ಅಂತ ಎಲ್ಲರೂ ಮೆಟ್ಟಿಲ ಮೇಲೆ ನಿಂತು ಟಾರ್ಚ್ ಬಿಡುತ್ತಿದ್ದೆವು. ದೇವರಾಣೆ, ಆ ಹೊತ್ತಿಗೆ ನನಗೆ ದೋಣಿ ನೆನಪಾಗಲಿಲ್ಲ.

ಬೆಳಗಾಗುವ ಮೊದಲೇ ವಾಚ್‌ಮನ್ ಬಾಗಿಲು ಬಡಿದ. "ಸಾರ್, ಮೀ ಪಡವಲು ತೇಲುತುನ್ನಾಯಿ ಸಾರ್!" ನಿಮ್ಮ ದೋಣಿಗಳು ತೇಲ್ತಾ ಇವೆ!

ಓಡಿದೆ. ನೀರಿನ ಒತ್ತಡಕ್ಕೆ ಬೀರುವಿನ ಬಾಗಿಲು ತೆರೆದುಕೊಂಡಿತ್ತು, ಪೆಟ್ಟಿಗೆಯ ರಟ್ಟು ಅಂಬಲಿಯಾಗಿತ್ತು. ಕಾರಿನ ಬಾನೆಟ್ಟಿನ ಪಕ್ಕದಲ್ಲಿ, ಡೀಸೆಲ್ ಪಸೆಯ ಕಪ್ಪು ನೀರಿನ ಮೇಲೆ, ಅಪ್ಪಯ್ಯನ ಪಾತಿ ದೋಣಿ ನೆಟ್ಟಗೆ ತೇಲುತ್ತಿತ್ತು. ಹಿಂದೆ ರಂಪಣಿ ದೋಣಿ, ಪ್ಲಾಸ್ಟಿಕ್ಕಿನ ಚೂರು ಎಳೆದುಕೊಂಡು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ವರ್ಷದಲ್ಲಿ ಅವು ನೀರು ಕಂಡದ್ದು ಅದೇ ಮೊದಲು. ಮಚ್ವೆ ಮಾತ್ರ ಕಾಣಲಿಲ್ಲ.

ಎರಡು ದಿನ ಪಂಪು ಹೊಡೆದು ನೀರು ಖಾಲಿ ಮಾಡಿದ ಮೇಲೆ ಬೀರುವಿನ ಒಳಗೇ ಸಿಕ್ಕಿತು. ಸುತ್ತಿದ ಪಾಲಿಥೀನಿನೊಳಗೆ ನೀರು ತುಂಬಿ, ಹೊರಹೋಗಲಾರದೆ ನಿಂತಿತ್ತು. ಹಲಗೆಗಳ ಸಂದಿಯಲ್ಲಿ ಅಂಟು ಗಂಜಿಯ ಹಾಗೆ ಬೆಳ್ಳಗೆ ಉಬ್ಬಿತ್ತು. ಇಷ್ಟಾದರೂ ಆಕಾರ ಇತ್ತು ಅನ್ನಿ. ಅದನ್ನು ನೆರಳಲ್ಲಿ, ಹತ್ತಿ ಬಟ್ಟೆ ಹೊದಿಸಿ, ವಾರಗಟ್ಟಲೆ ನಿಧಾನಕ್ಕೆ ಒಣಗಲು ಬಿಟ್ಟಿದ್ದರೆ ಹಲಗೆಗಳು ನೆಟ್ಟಗೆ ಉಳಿಯುತ್ತಿದ್ದವು. ನಾನು ಮಾಡಿದ್ದೇನು? ಗಾಬರಿಯಲ್ಲಿ ಟೆರೇಸಿಗೆ ಒಯ್ದು ಬಿಸಿಲಿಗಿಟ್ಟೆ. ಮೂರನೇ ಕಟ್ಟಳೆಯೂ ಹೋಯಿತು. ಹೊರಮೈ ಮೊದಲು ಒಣಗಿ ಕುಗ್ಗಿತು, ಒಳಗೆ ಇನ್ನೂ ಒದ್ದೆ. ಸಂಜೆ ಹೊತ್ತಿಗೆ ಎರಡು ಹಲಗೆ ಸೀಳಿದವು, ಉಳಿದವು ಒಂದೊಂದಾಗಿ ಬಿಟ್ಟುಕೊಂಡವು.

ಪಾತಿಗೆ ಏನೂ ಆಗಲಿಲ್ಲ. ಹೊಲಿದ ರಂಪಣಿ ದೋಣಿಗೂ ಏನೂ ಆಗಲಿಲ್ಲ. ಹಲಗೆ ಉಬ್ಬಿದಾಗ ಹುರಿ ಬಿಗಿಯಾಯಿತು, ಕುಗ್ಗಿದಾಗ ಸಡಿಲವಾಯಿತು, ಅಷ್ಟೇ. ಹೋದದ್ದು ನಾನು ತಂದ ಅಂಟಿನದು ಮಾತ್ರ.

ಮಚ್ವೆಯ ಹಲಗೆಗಳನ್ನು ಪಂಚೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಬೂಷ್ಟು ಹಿಡಿದ ಹಾಯಿಯನ್ನು ಹೆಂಡತಿ ತೊಳೆದು ಇಟ್ಟಳು, ಕಲೆ ಹೋಗಲಿಲ್ಲ. ತಂಗಿ ಆ ವಾರ ಎರಡು ಸಲ ಫೋನ್ ಮಾಡಿದ್ದಳು. "ಎಲ್ಲಾ ಸಮ ಇದ್ರಿಯಾ?" "ಸಮ ಇತ್, ಕಾರ್ ಒಂದ್ ಹಾಳಾಯ್ತ್" ಅಂದೆ. ಒಂದು ಸಲ ಹೇಳದಿದ್ದರೆ ಆಮೇಲೆ ಹೇಳುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರಬಹುದು.

ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ವಾರ ನಾನೂ ಒಂದಿಷ್ಟು ಓದಿದೆ, ಅವನನ್ನೂ ಕೇಳಿ ತಿಳಿದೆ. ಮರಕ್ಕೆ ಚಳಿಯೊಂದೇ ಶತ್ರುವಲ್ಲ. ಹೀಟರ್ ಹಾಕಿದ ಮನೆಯ ಒಳಗಿನ ಗಾಳಿ ಅಲ್ಲಿ ನಮ್ಮ ಮೇ ತಿಂಗಳ ಹಾಗೆ, ಭಣಭಣ. ಆ ಲೆಕ್ಕದಲ್ಲಿ ಗ್ಯಾರೇಜು ತಪ್ಪಲ್ಲ. ಆದರೆ ನೆಲದ ಮೇಲೆ ಬೇಡ. ಕಾರಿಗೆ ಅಂಟಿದ ಹಿಮ ಕರಗಿ ಅಲ್ಲೂ ನೆಲ ಒದ್ದೆಯಾಗುತ್ತದಂತೆ. ನೀರು ಯಾವ ದೇಶದಲ್ಲೂ ಕೆಳಗಿನಿಂದಲೇ ಬರುತ್ತದೆ! ಎದೆ ಎತ್ತರದ ಹಲಗೆ, ಹೊರಗೋಡೆಗೆ ತಾಗದ ಹಾಗೆ. ಹತ್ತಿ ಬಟ್ಟೆ, ಅದರ ಮೇಲೆ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಬೇಡ. ದೋಣಿ ಕೂರಲು ಎರಡು ಕಡೆ ಮೆತ್ತೆ ಹಾಕಿದ ಆಸರೆ, ಭಾರವೆಲ್ಲ ಒಂದೇ ಕಡೆ ಬೀಳದ ಹಾಗೆ. ಮನೆಯೊಳಗೆ ತರುವಾಗ ಪೆಟ್ಟಿಗೆ ತೆರೆಯದೆ ಒಂದು ದಿನ ಬಿಡಬೇಕು, ಇಲ್ಲದಿದ್ದರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಮೈಯೆಲ್ಲ ಬೆವರುತ್ತದೆ.

ಅವನ ಹತ್ತಿರ ರಿಮೋಟಿನ ಬ್ಯಾಟರಿ ದೋಣಿಯೂ ಒಂದಿದೆ. ಅದಕ್ಕೆ ಬೇರೆ ಕ್ರಮ. ಒಳಗಿನ ನೀರು ಪೂರ್ತಿ ಒರೆಸಿ, ಮೇಲಿನ ಮುಚ್ಚಳ ತೆರೆದಿಡಬೇಕು, ಫ್ಯಾನ್ ತಿರುಗಿಸುವ ಸರಳಿಗೆ ಗ್ರೀಸ್ ಹಾಕಬೇಕು. ಲಿಥಿಯಂ ಬ್ಯಾಟರಿಯನ್ನು ಹೊರತೆಗೆದು, ಪೂರ್ತಿ ತುಂಬಿಸದೆ ಪೂರ್ತಿ ಖಾಲಿಯೂ ಮಾಡದೆ, ಸೆಲ್ ಒಂದಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ, ಗ್ಯಾರೇಜಿನಲ್ಲಲ್ಲ, ಮನೆಯೊಳಗೆ ತಂಪಾದ ಕಡೆ ಇಡಬೇಕು.

ಇದೆಲ್ಲ ಬರೆದು ಕಳಿಸಿದೆ. ಒಂದು ಮಾತು ಬಾಕಿ ಇತ್ತು. ಅದನ್ನು ಅವನಿಗಲ್ಲ, ಅವನ ತಾಯಿಗೆ ಹೇಳಬೇಕಿತ್ತು. ನಿನ್ನೆ ರಾತ್ರಿ ತಂಗಿಗೆ ಫೋನ್ ಮಾಡಿ ಸೆಲ್ಲಾರು, ಪಾಲಿಥೀನು, ಬಿಸಿಲು, ಎಲ್ಲ ಹೇಳಿದೆ. ಅಂಟಿನ ವಿಷಯವನ್ನೂ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಅಂಟ್ ನೀರಿಗ್ ತಡಿತಿಲ್ಲೆ ಅಂದ್ಹೇಳಿ ಅಪ್ಪಯ್ಯನಿಗೆ ಗೊತ್ತಿತ್ ಅಣ್ಣಾ" ಅಂದಳು. "ಒಂದ್ ತುಂಡ್ ಅಂಟ್ಸಿ ಬಾಲ್ದಿಯಗೆ ಹಾಕಿ ಕಂಡಿದ್ರ್. ನೀ ಅಷ್ಟ್ ದೂರದಿಂದ ತಂದದ್ ಅಂದ್ಹೇಳಿ ಹಚ್ಚಿದ್ರ್."

ನನಗೆ ಮಾತು ಹೊರಡಲಿಲ್ಲ.

ಆಮೇಲೆ ಅವಳೇ ಕೇಳಿದಳು, "ಹಲ್ಗೆ ಎಲ್ಲಾ ಇತ್ತಲ್ದಾ?"

"ಇತ್. ಎರಡ್ ಸೀಳಿದ್ದ್."

"ಮತ್ತೆಂತ? ಅಪ್ಪಯ್ಯ ಎಷ್ಟ್ ದೋಣಿ ಬಿಚ್ಚಿ ಕಟ್ಲಿಲ್ಲ? ಈ ಸಲ ಹುರಿಯಲ್ಲೇ ಹೊಲಿಲಿ. ಹಾಯಿ ನಾ ಬೇರೆ ಹೊಲ್ದ್ ಕೊಡ್ತೆ."

ಹುಡುಗ ಜುಲೈಯಲ್ಲಿ ಬರುತ್ತಾನೆ, ಕೈಯಲ್ಲೇ ಒಯ್ಯುತ್ತಾನೆ. ಇವತ್ತು ಬೆಳಿಗ್ಗೆ ಅಟ್ಟದಿಂದ ಗಂಟು ಇಳಿಸಿ ಹಲಗೆಗಳನ್ನು ಎಣಿಸಿದೆ. ಇಪ್ಪತ್ತೆರಡು ಇವೆ. ಒಂದೊಂದರ ಹಿಂದೆಯೂ ಪೆನ್ಸಿಲ್ಲಿನಲ್ಲಿ ಅಪ್ಪಯ್ಯನ ಕೈಯಲ್ಲಿ ಬರೆದ ನಂಬರು ಇದೆ, ಎಡ 1, ಎಡ 2, ಬಲ 1, ಹೀಗೆ. ನೀರಿಗೂ ಅಳಿಸಿಲ್ಲ. ಮತ್ತೆ ಕಟ್ಟುವವನಿಗೆ ಬೇಕಾಗುತ್ತದೆ ಅಂತ ಬರೆದಿಟ್ಟಿದ್ದರೇನೋ. ಈಗ ಅವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಂಚದ ಪಕ್ಕದ ಶೆಲ್ಫಿನಲ್ಲಿ, ನೆಲದಿಂದ ನಾಲ್ಕಡಿ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಪಾತ್ರೆ ನೀರು. ಬೇಸಿಗೆ ಬರ್ತಾ ಇದೆಯಲ್ಲ.